ಹೊಲದಲ್ಲಿ ಕಲಿತದ್ದಕ್ಕೆ ಕಾಲೇಜಿನ ಕ್ರೆಡಿಟ್: ಕೃಷಿಯಲ್ಲಿ ಪೂರ್ವಕಲಿಕೆಯ ಮಾನ್ಯತೆ

ಪೀಠಿಕೆ

ಕೃಷಿ ಪದವಿಯ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವ ಕಾರ್ಯಕ್ರಮದಡಿ ಹಳ್ಳಿಗಳಿಗೆ ಬಂದು ತಂಗುವುದನ್ನು ರೈತ ಬಾಂಧವರು ಬಲ್ಲರು. ಪ್ರತಿ ವಿದ್ಯಾರ್ಥಿಗೂ ಒಬ್ಬ ಆತಿಥೇಯ ರೈತರನ್ನು ಗೊತ್ತುಪಡಿಸಲಾಗುತ್ತದೆ. ವಿದ್ಯಾರ್ಥಿಯು ಅವರೊಡನೆ ಹೊಲಕ್ಕೆ ಹೋಗಿ, ಕೂರಿಗೆ ಹಿಡಿಯುವುದನ್ನೂ ಎಡೆ ಹೊಡೆಯುವುದನ್ನೂ ಬೀಜ ಕಟ್ಟಿಡುವುದನ್ನೂ ಕಂಡು, ಮಾಡಿ, ಸಂಜೆ ದಿನಚರಿಯಲ್ಲಿ ಬರೆದುಕೊಳ್ಳುತ್ತಾನೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಐದನೆಯ ಡೀನರ ಸಮಿತಿಯು ರೂಪಿಸಿದ ಪಠ್ಯಕ್ರಮದಲ್ಲಿ ಈ ಕಾರ್ಯಾನುಭವ ಹಾಗೂ ಅದರೊಡನೆ ಬರುವ ಕೃಷಿ ಉದ್ದಿಮೆಗಳ ಒಡನಾಟಕ್ಕೆ ಒಟ್ಟು 20 ಕ್ರೆಡಿಟ್‌ಗಳನ್ನು ನಿಗದಿಪಡಿಸಲಾಗಿದೆ.

ಕೆಲವು ವರ್ಷಗಳ ಹಿಂದೆ ಇಂತಹ ಒಂದು ಕಾರ್ಯಕ್ರಮದ ಸಮಾರೋಪದಲ್ಲಿ ಹಿರಿಯ ರೈತರೊಬ್ಬರು ನನ್ನನ್ನು ಕೇಳಿದರು: “ಸಾರ್, ಹುಡುಗ ನನ್ ಹತ್ರ ಕಲಿತಿದ್ದಕ್ಕೆ ನೀವು ಅಂಕ ಕೊಟ್ರಿ. ನಂಗೆ ಗೊತ್ತಿರೋದಕ್ಕೆ ಏನ್ ಕೊಡ್ತೀರಿ?” ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅವರು ತಮಾಷೆಗೆ ಕೇಳಿರಲಿಲ್ಲ. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ್ದ ಅವರ ಮಗ ಹತ್ತಿರದ ನರ್ಸರಿಯೊಂದರಲ್ಲಿ ಎಂಟು ವರ್ಷ ಕಸಿ ಕಟ್ಟುವ ಕೆಲಸ ಮಾಡಿದ್ದ. ಅಲ್ಲಿ ಮೇಲ್ವಿಚಾರಕರ ಹುದ್ದೆ ತೆರವಾದಾಗ ಕೃಷಿ ಡಿಪ್ಲೊಮಾ ಇಲ್ಲವೆಂಬ ಕಾರಣಕ್ಕೆ ಅವನನ್ನು ಪರಿಗಣಿಸಿರಲಿಲ್ಲ. ಹೊಸದಾಗಿ ಬಂದ ಮೇಲ್ವಿಚಾರಕರಿಗೆ ಕಸಿ ಕಟ್ಟುವುದನ್ನು ಕಲಿಸಿದವನೂ ಅವನೇ ಆಗಿದ್ದ.

ಹೀಗೆ ತರಗತಿಯ ಹೊರಗೆ, ದುಡಿಮೆಯಲ್ಲಿ ಗಳಿಸಿದ ಜ್ಞಾನ ಹಾಗೂ ಕೌಶಲ್ಯವನ್ನು ಪರೀಕ್ಷಿಸಿ, ಅದಕ್ಕೆ ಸಮನಾದ ಶೈಕ್ಷಣಿಕ ಕ್ರೆಡಿಟ್ ಅಥವಾ ಪ್ರಮಾಣಪತ್ರ ನೀಡುವ ಕ್ರಮಕ್ಕೆ ಪೂರ್ವಕಲಿಕೆಯ ಮಾನ್ಯತೆ ಎನ್ನುತ್ತಾರೆ. ಈ ಲೇಖನದಲ್ಲಿ ಅದರ ಹಿನ್ನೆಲೆ, ನಮ್ಮ ದೇಶದ ಈಗಿನ ನಿಯಮಗಳು, ರೈತರು ಮಾಡಿಕೊಳ್ಳಬೇಕಾದ ಸಿದ್ಧತೆ ಹಾಗೂ ಮೌಲ್ಯಮಾಪನದಲ್ಲಿ ವಿಸ್ತರಣಾ ಕಾರ್ಯಕರ್ತರು ಗಮನಿಸಬೇಕಾದ ಅಂಶಗಳನ್ನು ವಿವರಿಸಲಾಗಿದೆ.

ಬೇಡಿಕೆ ಎಲ್ಲಿದೆ?

ರೈತ ಉತ್ಪಾದಕ ಸಂಸ್ಥೆಗಳು, ಬೀಜೋತ್ಪಾದನಾ ಕಂಪನಿಗಳು, ಹಸಿರುಮನೆ ಘಟಕಗಳು, ಬಾಡಿಗೆ ಆಧಾರದ ಯಂತ್ರೋಪಕರಣ ಕೇಂದ್ರಗಳು, ಹನಿ ನೀರಾವರಿ ಅಳವಡಿಸುವ ಏಜೆನ್ಸಿಗಳು ಇವೆಲ್ಲಕ್ಕೂ ನುರಿತ ಕೆಲಸಗಾರರು ಬೇಕು. ನೇಮಕಾತಿಯ ವೇಳೆ ಇವರು ಕೇಳುವುದು ಕಾಗದವನ್ನು. ಕೆಲಸ ಬಲ್ಲವರ ಬಳಿ ಕಾಗದವಿಲ್ಲ, ಕಾಗದವಿದ್ದವರಲ್ಲಿ ಹಲವರಿಗೆ ಕೆಲಸ ಬಾರದು. ಎರಡೂ ಕಡೆಯವರಿಗೆ ಇದರಿಂದ ನಷ್ಟವೇ.

ಈ ಇಕ್ಕಟ್ಟು ಎಷ್ಟು ತೀವ್ರವಾಗಬಲ್ಲದು ಎಂಬುದಕ್ಕೆ ಕೃಷಿ ಪರಿಕರ ಮಾರಾಟಗಾರರ ಪ್ರಕರಣ ಉತ್ತಮ ಉದಾಹರಣೆ. ಕೇಂದ್ರ ಸರ್ಕಾರವು 2015ರಲ್ಲಿ ಕೀಟನಾಶಕ ನಿಯಮಗಳಿಗೆ ತಿದ್ದುಪಡಿ ತಂದು, ಮಾರಾಟದ ಪರವಾನಗಿ ಪಡೆಯಲು ಕೃಷಿ ಅಥವಾ ಸಂಬಂಧಿತ ವಿಜ್ಞಾನ ವಿಷಯದ ಪದವಿಯನ್ನು ಕಡ್ಡಾಯಗೊಳಿಸಿತು. ಉದ್ದೇಶ ಸರಿಯಾಗಿಯೇ ಇತ್ತು. ರೈತರು ರೋಗಬಿದ್ದ ಎಲೆಯನ್ನು ಹಿಡಿದು ಮೊದಲು ಹೋಗುವುದು ಅಂಗಡಿಗೇ ಹೊರತು ನಮ್ಮ ಬಳಿಗಲ್ಲ, ಅಲ್ಲಿ ಕುಳಿತವರಿಗೆ ವಿಷಯ ಗೊತ್ತಿರಬೇಕು. ಆದರೆ ಇಪ್ಪತ್ತು, ಮೂವತ್ತು ವರ್ಷಗಳಿಂದ ಅಂಗಡಿ ನಡೆಸುತ್ತಿದ್ದವರು ಏಕಾಏಕಿ ಪದವಿ ತರುವುದೆಲ್ಲಿಂದ? ಹಳೆಯ ಪರವಾನಗಿದಾರರಿಗೆ ಕಾಲಾವಕಾಶ ನೀಡಲಾಯಿತು, ಮುಂದಿನ ತಿದ್ದುಪಡಿಗಳಲ್ಲಿ ಡಿಪ್ಲೊಮಾ ಹಾಗೂ ಅಲ್ಪಾವಧಿ ಕೋರ್ಸುಗಳ ದಾರಿ ತೆರೆಯಲಾಯಿತು.

ಇಂಥವರಿಗಾಗಿ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿಯೇ ಆರಂಭಿಸಿದ್ದ ‘ದೇಸಿ’ ಡಿಪ್ಲೊಮಾ ಆಗ ನೆರವಿಗೆ ಬಂತು. ಒಂದು ವರ್ಷದ, 48 ವಾರಗಳ ಈ ಕೋರ್ಸಿನಲ್ಲಿ ವಾರಕ್ಕೊಂದೇ ದಿನ, ಅದೂ ಅಂಗಡಿಗೆ ರಜೆಯಿರುವ ದಿನ ಪಾಠ ನಡೆಯುತ್ತದೆ. 40 ದಿನ ತರಗತಿ, 8 ದಿನ ಕ್ಷೇತ್ರ ಭೇಟಿ. ದುಡಿಯುವವರ ದಿನಚರಿಯನ್ನು ಅರಿತು ರೂಪಿಸಿದ ಕೋರ್ಸು ಇದು. ಆದರೂ ಒಂದು ಕೊರತೆಯಿದೆ ಎಂಬುದು ನನ್ನ ಅಭಿಪ್ರಾಯ. ಮೂವತ್ತು ವರ್ಷ ಗೊಬ್ಬರ ಮಾರಿದವರಿಗೂ ನಿನ್ನೆ ಅಂಗಡಿ ತೆರೆದವರಿಗೂ ಅಲ್ಲಿ ಒಂದೇ ಪಾಠ, ಒಂದೇ ಅವಧಿ. ಬಲ್ಲದ್ದನ್ನು ಪರೀಕ್ಷಿಸಿ ಬಿಟ್ಟುಕೊಡುವ, ಬಾರದ್ದನ್ನು ಮಾತ್ರ ಕಲಿಸುವ ವ್ಯವಸ್ಥೆ ಅದರಲ್ಲಿಲ್ಲ. ಪೂರ್ವಕಲಿಕೆಯ ಮಾನ್ಯತೆ ಎಂದರೆ ಮುಖ್ಯವಾಗಿ ಅದೇ.

ಬೇರೆಡೆಯ ಅನುಭವ

ಈ ಚಿಂತನೆ ಹೊಸದಲ್ಲ. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರು ಅಮೆರಿಕದ ಕಾಲೇಜುಗಳಿಗೆ ಸೇರತೊಡಗಿದಾಗ, ಅವರು ಸೈನ್ಯದಲ್ಲಿ ಪಡೆದ ತರಬೇತಿಯನ್ನು ಅಳೆದು ಎಷ್ಟು ಕ್ರೆಡಿಟ್ ಕೊಡಬಹುದೆಂದು ಅಲ್ಲಿನ ಶಿಕ್ಷಣ ಪರಿಷತ್ತು ಶಿಫಾರಸು ಮಾಡತೊಡಗಿತು. 1974ರಲ್ಲಿ ಇದಕ್ಕೆಂದೇ ಪ್ರತ್ಯೇಕ ಸಂಸ್ಥೆಯೊಂದು ಹುಟ್ಟಿತು. ಕ್ರೆಡಿಟ್ ಕೊಡಬೇಕಾದುದು ಕಲಿತದ್ದಕ್ಕೆ, ಕಳೆದ ವರ್ಷಗಳಿಗಲ್ಲ ಎಂಬ ತತ್ತ್ವ ಅಲ್ಲಿಯದು.

ಕೃಷಿಗೆ ಹೆಚ್ಚು ಹತ್ತಿರವಾದುದು ಫ್ರಾನ್ಸಿನ ಪದ್ಧತಿ. 2002ರ ಕಾನೂನಿನ ಪ್ರಕಾರ ಅಲ್ಲಿ ದುಡಿಮೆಯ ಅನುಭವದ ಆಧಾರದ ಮೇಲೆಯೇ ಪೂರ್ಣ ಡಿಪ್ಲೊಮಾ ಪಡೆಯಬಹುದು, ಕೃಷಿ ಸಚಿವಾಲಯದ ಡಿಪ್ಲೊಮಾಗಳಿಗೂ ಇದು ಅನ್ವಯಿಸುತ್ತದೆ. ಅಭ್ಯರ್ಥಿಯು ತಾನು ಮಾಡಿದ ಕೆಲಸದ ವಿವರವಾದ ದಾಖಲೆಯನ್ನು ಬರೆದು ಪರೀಕ್ಷಕರ ಮಂಡಳಿಯೆದುರು ಹಾಜರಾಗಬೇಕು. ಮಂಡಳಿಯು ಪೂರ್ಣ ಮಾನ್ಯತೆ ಕೊಡಬಹುದು, ನಿರಾಕರಿಸಬಹುದು, ಇಲ್ಲವೇ ಒಂದಷ್ಟು ಭಾಗಕ್ಕೆ ಮಾನ್ಯತೆ ಕೊಟ್ಟು ಉಳಿದದ್ದನ್ನು ಕಲಿತು ಬರಲು ಸೂಚಿಸಬಹುದು. ಈ ಭಾಗಶಃ ಮಾನ್ಯತೆಯೇ ನಾವು ಗಮನಿಸಬೇಕಾದ ಅಂಶ. ಏಕೆಂದರೆ ರೈತರ ಜ್ಞಾನ ಬಹುಪಾಲು ಹೀಗೆಯೇ ಇರುತ್ತದೆ: ಒಂದು ಕಡೆ ಆಳ, ಇನ್ನೊಂದು ಕಡೆ ಖಾಲಿ.

ನಮ್ಮಲ್ಲಿಯೂ ಇದರ ಒಂದು ಎಳೆ ಹಿಂದಿನಿಂದಲೇ ಇದೆ. ಕೃಷಿ ಪದವಿಯ ಪ್ರವೇಶದಲ್ಲಿ ಕೃಷಿಕರ ಕೋಟಾದಡಿ ಅರ್ಜಿ ಹಾಕುವ ರೈತ ಮಕ್ಕಳಿಗೆ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಬೀಜ, ಗೊಬ್ಬರ, ಉಪಕರಣಗಳನ್ನು ಗುರುತಿಸಬೇಕು. ಅಪ್ಪನ ಹೊಲದಲ್ಲಿ ಕಲಿತದ್ದಕ್ಕೆ ವಿಶ್ವವಿದ್ಯಾಲಯದ ಬಾಗಿಲಲ್ಲಿ ಸಿಗುವ ಮನ್ನಣೆ ಅದು. ಆದರೆ ಅದರಿಂದ ದೊರೆಯುವುದು ಪ್ರವೇಶದ ರ‍್ಯಾಂಕ್ ಮಾತ್ರ. ಒಳಗೆ ಹೋದ ಮೇಲೆ ಜೋಳವನ್ನೂ ಸಜ್ಜೆಯನ್ನೂ ಮೊದಲ ಬಾರಿಗೆ ನೋಡುವ ಸಹಪಾಠಿಯೊಡನೆ ಕುಳಿತು ಎಲ್ಲವನ್ನೂ ಮೊದಲಿನಿಂದ ಓದಬೇಕು.

ದೇಶದ ಈಗಿನ ಚೌಕಟ್ಟು

ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟನ್ನು 2013ರ ಡಿಸೆಂಬರ್‌ನಲ್ಲಿ ಅಧಿಸೂಚಿಸಲಾಯಿತು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯಲ್ಲಿ ಪೂರ್ವಕಲಿಕೆಯ ಮಾನ್ಯತೆಯೂ ಒಂದು ಭಾಗವಾಯಿತು. ಕೃಷಿ ಕ್ಷೇತ್ರದ ಕೆಲಸಗಳಿಗೆ ಮಾನದಂಡ ರೂಪಿಸುವುದು ಭಾರತೀಯ ಕೃಷಿ ಕೌಶಲ್ಯ ಮಂಡಳಿ. ಅಣಬೆ ಬೆಳೆಗಾರ, ಜೇನು ಸಾಕಣೆದಾರ, ಟ್ರ್ಯಾಕ್ಟರ್ ಚಾಲಕ, ಸಾವಯವ ಬೆಳೆಗಾರ, ಗುಣಮಟ್ಟದ ಬೀಜ ಉತ್ಪಾದಕ, ಸೂಕ್ಷ್ಮ ನೀರಾವರಿ ತಂತ್ರಜ್ಞ, ಹಸಿರುಮನೆ ನಿರ್ವಾಹಕ ಮೊದಲಾದ ಉದ್ಯೋಗಗಳಿಗೆ ಏನೇನು ಬಲ್ಲವರಾಗಿರಬೇಕು ಎಂಬುದನ್ನು ಅದು ಬರೆದಿಟ್ಟಿದೆ. ಅನುಭವಿಗಳಿಗೆ ಕನಿಷ್ಠ 12 ಗಂಟೆಗಳ ಪರಿಚಯ ತರಬೇತಿ ನೀಡಿ, ಆಮೇಲೆ ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದು ಯೋಜನೆಯ ಕ್ರಮವಾಗಿ ಬಂದಿದೆ.

ಈ ಪ್ರಮಾಣಪತ್ರ ಬಹುಕಾಲ ಕೌಶಲ್ಯದ ಕಡೆಗೇ ನಿಂತಿತ್ತು, ಕಾಲೇಜಿನ ಕಡೆಗೆ ಅದಕ್ಕೆ ದಾರಿಯಿರಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಎರಡು ಬದಲಾವಣೆಗಳಾದವು. 2021ರ ಜುಲೈನಲ್ಲಿ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕಿನ ನಿಯಮಗಳು ಬಂದವು. ಸಹಕಾರ ಸಂಘದ ಉಳಿತಾಯ ಖಾತೆಯಂತೆಯೇ ಇದರಲ್ಲಿ ಕಲಿಕೆಯ ಕ್ರೆಡಿಟ್‌ಗಳು ಜಮೆಯಾಗುತ್ತವೆ, ಹಣ ಮಾತ್ರ ಇರುವುದಿಲ್ಲ. ಸಾಮಾನ್ಯವಾಗಿ ಗರಿಷ್ಠ 7 ವರ್ಷಗಳವರೆಗೆ ಅವು ಚಾಲ್ತಿಯಲ್ಲಿರುತ್ತವೆ. 2023ರಲ್ಲಿ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಪ್ರಕಟವಾಯಿತು. ಶಾಲೆ, ಕಾಲೇಜು, ಕೌಶಲ್ಯ ತರಬೇತಿ ಮೂರನ್ನೂ ಒಂದೇ ಅಳತೆಗೋಲಿಗೆ ತಂದುದು ಇದರ ವಿಶೇಷ.

ಆ ಅಳತೆಗೋಲನ್ನು ರೈತರು ಅರಿತಿರುವುದು ಒಳ್ಳೆಯದು. 30 ಗಂಟೆಗಳ ಕಲಿಕೆಗೆ 1 ಕ್ರೆಡಿಟ್, ವರ್ಷಕ್ಕೆ 1200 ಗಂಟೆ, ಅಂದರೆ 40 ಕ್ರೆಡಿಟ್. 240 ಗಂಟೆಗಳ ಕೌಶಲ್ಯ ಕೋರ್ಸಿಗೆ 8 ಕ್ರೆಡಿಟ್ ಆಗುತ್ತದೆ. ಪ್ರತಿ ಕ್ರೆಡಿಟ್‌ಗೂ ಒಂದು ಹಂತವಿದೆ. ಹತ್ತನೆಯ ತರಗತಿ ಹಂತ 3, ಹನ್ನೆರಡನೆಯದು ಹಂತ 4, ಪದವಿಯ ಮೊದಲ ವರ್ಷ ಹಂತ 4.5. ಇದನ್ನು ಮರೆತು ಕ್ರೆಡಿಟ್‌ಗಳ ಸಂಖ್ಯೆಯನ್ನಷ್ಟೇ ಕೂಡಿಸುತ್ತಾ ಹೋಗುವವರನ್ನು ಕಂಡಿದ್ದೇನೆ. ಹಂತ 3ರ ಕ್ರೆಡಿಟ್ ಎಷ್ಟೇ ಇದ್ದರೂ ಪದವಿಯ ಮೊದಲ ವರ್ಷದ ವಿಷಯಕ್ಕೆ ಅದು ಬದಲಿಯಾಗದು. ಗೊಣಸಿಗೆ ಎಷ್ಟು ಎತ್ತು ಕಟ್ಟಿದರೂ ಉಳುವ ಆಳ ನೇಗಿಲಿನದೇ ತಾನೆ?

ಅನುಭವಕ್ಕೂ ಇಲ್ಲಿ ತೂಕವಿದೆ. ಸಂಬಂಧಿಸಿದ ಕೆಲಸದಲ್ಲಿ ಕಳೆದ ವರ್ಷಗಳಿಗೆ ತಕ್ಕಂತೆ, ಗಳಿಸಿದ ಕ್ರೆಡಿಟ್ಟನ್ನು ಗರಿಷ್ಠ 2ರವರೆಗೆ ಗುಣಿಸಲು ಅವಕಾಶವಿದೆ. ಬಹಳ ಮಂದಿ ಇದನ್ನು ಕೇಳಿ, ಇಪ್ಪತ್ತು ವರ್ಷ ಬೇಸಾಯ ಮಾಡಿದ ನಮಗೆ ತಾನಾಗಿಯೇ ಕ್ರೆಡಿಟ್ ಬರುತ್ತದೆ ಎಂದು ತಿಳಿಯುತ್ತಾರೆ. ಹಾಗಿಲ್ಲ. ಮೊದಲು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕ್ರೆಡಿಟ್ ಗಳಿಸಬೇಕು, ಆಮೇಲೆ ಅನುಭವದ ಗುಣಕ. ಸೊನ್ನೆಯನ್ನು ಎರಡರಿಂದ ಗುಣಿಸಿದರೂ ಸೊನ್ನೆಯೇ.

ಇನ್ನೊಂದು ಲೆಕ್ಕವನ್ನೂ ನೋಡಿ. ಒಂದು ಕ್ರೆಡಿಟ್‌ಗೆ 30 ಗಂಟೆ, ಪರಿಚಯ ತರಬೇತಿ 12 ಗಂಟೆ. ಅಂದರೆ ಆ ತರಬೇತಿಯಿಂದ ಅರ್ಧ ಕ್ರೆಡಿಟ್ಟೂ ಹುಟ್ಟುವುದಿಲ್ಲ. ಅಭ್ಯರ್ಥಿ ಮೊದಲೇ ಬಲ್ಲದ್ದರಿಂದಲೇ ಕ್ರೆಡಿಟ್ ಹುಟ್ಟಬೇಕು. ಆದ್ದರಿಂದ ಇಡೀ ವ್ಯವಸ್ಥೆಯ ಭಾರ ಪರೀಕ್ಷೆಯ ಮೇಲೆ ಬೀಳುತ್ತದೆ. ಪರೀಕ್ಷೆ ಸಡಿಲವಾದರೆ ಕಾಗದದ ಬೆಲೆ ಹೋಗುತ್ತದೆ, ನಿಜವಾಗಿ ಬಲ್ಲವರ ಕಾಗದದ ಬೆಲೆಯೂ ಅದರ ಜೊತೆಗೇ ಹೋಗುತ್ತದೆ.

ರೂಢಿ ಬೇರೆ, ತಿಳಿವಳಿಕೆ ಬೇರೆ

ಬೇಸಾಯ ಶಾಸ್ತ್ರದ ಒಂದು ಸಣ್ಣ ಪ್ರಶ್ನೆಯಿಂದ ಇದನ್ನು ವಿವರಿಸಬಹುದು. ಎಕರೆಗೆ 20 ಕೆ.ಜಿ. ಸಾರಜನಕ ಒದಗಿಸಬೇಕಾದರೆ ಯೂರಿಯಾ ಎಷ್ಟು ಬೇಕು? ಅನುಭವಿ ರೈತರು ತಕ್ಷಣ “ಒಂದು ಚೀಲ” ಎನ್ನುತ್ತಾರೆ. ಉತ್ತರ ಹೆಚ್ಚುಕಡಿಮೆ ಸರಿ: 45 ಕೆ.ಜಿ. ಚೀಲದಲ್ಲಿ ಶೇ. 46ರಂತೆ 20.7 ಕೆ.ಜಿ. ಸಾರಜನಕವಿರುತ್ತದೆ. ಈಗ ಪ್ರಶ್ನೆಯನ್ನು ತುಸು ತಿರುಗಿಸಿ. ಬಿತ್ತನೆಗೇ 50 ಕೆ.ಜಿ.ಯ ಒಂದು ಚೀಲ ಡಿ.ಎ.ಪಿ. ಹಾಕಿಯಾಗಿದೆ, ಇನ್ನು ಯೂರಿಯಾ ಎಷ್ಟು? ಇಲ್ಲಿಯೂ ಹಲವರು ಒಂದು ಚೀಲವೆಂದೇ ಹೇಳುತ್ತಾರೆ. ಡಿ.ಎ.ಪಿ.ಯಲ್ಲಿ ರಂಜಕದ ಜೊತೆಗೆ ಶೇ. 18 ಸಾರಜನಕವೂ ಇದೆ. ಒಂದು ಚೀಲದಿಂದ 9 ಕೆ.ಜಿ. ಬಂದಾಯಿತು, ಉಳಿದ 11 ಕೆ.ಜಿ.ಗೆ ಸುಮಾರು 24 ಕೆ.ಜಿ. ಯೂರಿಯಾ ಸಾಕು. ಮೊದಲ ಉತ್ತರ ರೂಢಿಯಿಂದ ಬಂದದ್ದು. ಎರಡನೆಯದಕ್ಕೆ ಲೆಕ್ಕ ತಿಳಿದಿರಬೇಕು. ಮೊದಲನೆಯದಷ್ಟೇ ಬಲ್ಲವರಿಗೆ ಪೋಷಕಾಂಶ ನಿರ್ವಹಣೆಯಲ್ಲಿ ಕ್ರೆಡಿಟ್ ಕೊಡುವುದು ಸರಿಯಲ್ಲ. ಒಂದು ವಾರ ಪಾಠ ಹೇಳಿಕೊಟ್ಟು ಮತ್ತೆ ಪರೀಕ್ಷಿಸಿದರೆ ಅವರಲ್ಲಿ ಹೆಚ್ಚಿನವರು ತೇರ್ಗಡೆಯಾಗುತ್ತಾರೆ.

ಇದಕ್ಕೆ ತಿರುವುಮುರುವಾದ ಉದಾಹರಣೆಯೂ ಇದೆ. ಹಾವೇರಿ ಭಾಗದ ಗುಳಿ ರಾಗಿ ಪದ್ಧತಿಯನ್ನು ರೈತರೇ ಕಂಡುಕೊಂಡರು. ಹೊಲಕ್ಕೆ ಚೌಕಾಕಾರವಾಗಿ ಗೆರೆ ಎಳೆದು, ಗೆರೆಗಳು ಕೂಡುವಲ್ಲಿ ಗುಳಿ ಮಾಡಿ, ಒಂದು ಹಿಡಿ ಗೊಬ್ಬರ ಹಾಕಿ ಸಸಿ ನೆಡುತ್ತಾರೆ. ಸಸಿ ನೆಲ ಹಿಡಿದ ಮೇಲೆ ಅದರ ಮೇಲೆಯೇ ಕೊರಡು ಹಾಯಿಸುತ್ತಾರೆ. ಮೊದಲ ಬಾರಿ ಕಂಡವರಿಗೆ ಬೆಳೆ ಹಾಳಾಯಿತೆಂದೇ ತೋರುತ್ತದೆ. ಆದರೆ ಬಾಗಿದ ಪೈರು ಬುಡದಿಂದ ಹೆಚ್ಚು ತೆಂಡೆಯೊಡೆಯುತ್ತದೆ, ಬೇರೂ ಬಲಗೊಳ್ಳುತ್ತದೆ. ಈ ಪದ್ಧತಿಯ ರೈತರನ್ನು ಕೊರಡು ಯಾವಾಗ ಹೊಡೆಯಬಾರದು ಎಂದು ಕೇಳಬೇಕು. ನೆಲದಲ್ಲಿ ಹದವಿಲ್ಲದಾಗ, ಪೈರು ಗೆಣ್ಣು ಬಿಟ್ಟು ಮೇಲೆದ್ದ ಮೇಲೆ ಎಂದು ಅವರು ಉತ್ತರಿಸಿದರೆ, ಬೆಳವಣಿಗೆಯ ತುದಿ ನೆಲಮಟ್ಟದಲ್ಲಿರುವ ಹಂತ ಯಾವುದೆಂಬುದನ್ನು ಅವರು ಅರಿತಿದ್ದಾರೆ ಎಂದೇ ಅರ್ಥ. ‘ಸಸ್ಯ ಶರೀರಕ್ರಿಯಾ ಶಾಸ್ತ್ರ’ ಎಂಬ ಪದ ಅವರಿಗೆ ತಿಳಿಯದಿರಬಹುದು, ಅದರಿಂದ ಏನೂ ಕಡಿಮೆಯಾಗುವುದಿಲ್ಲ. ಇಂಥವರಿಗೆ ಬೆಳೆ ನಿರ್ವಹಣೆಯ ಪ್ರಾಯೋಗಿಕ ಕ್ರೆಡಿಟ್ ನಿರಾಕರಿಸಿದರೆ ತಪ್ಪು ಪರೀಕ್ಷಕರದು.

ಹಾಗಾಗಿ ಮೌಲ್ಯಮಾಪನದಲ್ಲಿ ‘ಹೇಗೆ’ ಎಂಬ ಪ್ರಶ್ನೆಯ ಹಿಂದೆಯೇ ‘ಏಕೆ’ ಮತ್ತು ‘ಯಾವಾಗ ಬೇಡ’ ಎಂಬ ಪ್ರಶ್ನೆಗಳು ಬರಬೇಕು.

ಪೀಡೆನಾಶಕಗಳ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಸಲ್ಲದು. ಹದಿನೈದು ವರ್ಷ ಸಿಂಪಡಣೆಯನ್ನೇ ಕಸುಬಾಗಿ ಮಾಡಿದವರೊಬ್ಬರನ್ನು ಒಮ್ಮೆ ಪರೀಕ್ಷಿಸಿದ್ದೆ. ಪಂಪು ಬಿಚ್ಚಿ ಜೋಡಿಸುವುದರಲ್ಲಿ, ನಳಿಕೆ ಆರಿಸುವುದರಲ್ಲಿ, ಗಾಳಿ ನೋಡಿ ನಡೆಯುವುದರಲ್ಲಿ ಅವರದು ಎತ್ತಿದ ಕೈ. ಡಬ್ಬಿಯ ಮೇಲಿನ ತ್ರಿಕೋನದ ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳಲ್ಲಿ ಹೆಚ್ಚು ವಿಷಕಾರಿ ಯಾವುದೆಂದು ಕೇಳಿದರೆ “ಹಸಿರು, ಅದು ಜೋರು ಔಷಧಿ” ಎಂದರು. ಕೆಂಪು ಅತ್ಯಂತ ವಿಷಕಾರಿ, ಹಸಿರು ಕಡಿಮೆ ವಿಷಕಾರಿ ಎಂಬುದು ಅವರಿಗೆ ಹದಿನೈದು ವರ್ಷವಾದರೂ ಯಾರೂ ಹೇಳಿರಲಿಲ್ಲ. ಸಿಂಪಡಣೆಯಾದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕೆಂಬುದೂ ಗೊತ್ತಿರಲಿಲ್ಲ. ಉಪಕರಣ ನಿರ್ವಹಣೆಗೆ ಪೂರ್ಣ ಅಂಕ ಕೊಟ್ಟು, ಸುರಕ್ಷತೆಯ ಭಾಗದಲ್ಲಿ ಅನುತ್ತೀರ್ಣರೆಂದು ಬರೆದೆ. ಆಯೋಜಕರಿಗೆ ಇದು ಹಿಡಿಸಲಿಲ್ಲ, ಶಿಬಿರದ ಗುರಿ ತಲುಪಬೇಕಾಗಿತ್ತು. ಅವರು ಕಲಿತು ಮೂರು ತಿಂಗಳ ನಂತರ ಮತ್ತೆ ಬಂದು ತೇರ್ಗಡೆಯಾದರು.

ಸಾಕ್ಷ್ಯ ಸಂಗ್ರಹ: ರೈತರು ಮಾಡಿಕೊಳ್ಳಬೇಕಾದ ಸಿದ್ಧತೆ

ಪೂರ್ವಕಲಿಕೆಯ ಅರ್ಜಿಗೆ ಜೀವಾಳ ಸಾಕ್ಷ್ಯದ ಕಡತ. ಕೆಲಸ ಮಾಡಿದ್ದೇನೆ ಎಂಬುದಕ್ಕೆ ಒಂದು ಬಗೆಯ ಸಾಕ್ಷ್ಯ ಬೇಕು, ಕಲಿತಿದ್ದೇನೆ ಎಂಬುದಕ್ಕೆ ಇನ್ನೊಂದು ಬಗೆಯದು. ಪಹಣಿ, ಬೀಜ ಗೊಬ್ಬರದ ಬಿಲ್ಲು, ಹಾಲು ಉತ್ಪಾದಕರ ಸಂಘದ ಪಾಸ್‌ಪುಸ್ತಕ, ರೈತ ಉತ್ಪಾದಕ ಸಂಸ್ಥೆಗೆ ಮಾಲು ಕೊಟ್ಟ ರಸೀದಿ, ಕೆಲಸ ಕೊಟ್ಟವರ ಪತ್ರ ಇವು ಮೊದಲ ಬಗೆಯವು. ಮಣ್ಣು ಆರೋಗ್ಯ ಚೀಟಿ ಮತ್ತು ಅದನ್ನು ನೋಡಿ ಗೊಬ್ಬರದ ಪ್ರಮಾಣ ಬದಲಿಸಿದ ಟಿಪ್ಪಣಿ, ಕೃಷಿ ವಿಜ್ಞಾನ ಕೇಂದ್ರದ ತರಬೇತಿ ಪತ್ರ, ನಿಮ್ಮ ಹೊಲದಲ್ಲಿ ನಡೆದ ಮುಂಚೂಣಿ ಪ್ರಾತ್ಯಕ್ಷಿಕೆಯ ದಾಖಲೆ, ಒಂದೇ ಬೆಳೆಯ ಎರಡು ಹಂಗಾಮಿನ ಖರ್ಚು ಇಳುವರಿಯ ಲೆಕ್ಕ ಇವು ಎರಡನೆಯ ಬಗೆಯವು. ಎರಡನೆಯವೇ ಹೆಚ್ಚು ಬೆಲೆಯುಳ್ಳವು, ನಮ್ಮಲ್ಲಿ ವಿರಳವಾಗಿರುವುದೂ ಅವೇ.

ಆದ್ದರಿಂದ ಈ ಹಂಗಾಮಿನಿಂದಲೇ ಒಂದು ನೋಟ್‌ಪುಸ್ತಕ ಇಡಬೇಕು. ಬಿತ್ತಿದ ದಿನ, ಮಳೆ ಬಂದ ದಿನ, ಹಾಕಿದ್ದೇನು, ಎಷ್ಟು, ಏಕೆ, ಫಲಿತಾಂಶವೇನು, ಇಷ್ಟು ಬರೆದರೆ ಸಾಕು. ಕೆಟ್ಟ ಫಲಿತಾಂಶವನ್ನೂ ಬರೆಯಿರಿ. ಬೆಳೆ ಏಕೆ ಕೈಕೊಟ್ಟಿತೆಂದು ಸರಿಯಾಗಿ ವಿವರಿಸುವ ಒಂದು ಪುಟ ನನ್ನ ದೃಷ್ಟಿಯಲ್ಲಿ ಹತ್ತು ಫೋಟೊಗಳಿಗಿಂತ ಮೇಲು. ಸನ್ಮಾನದ ಶಾಲು, ಫಲಕಗಳ ಫೋಟೊಗಳನ್ನು ಕಡತದಲ್ಲಿ ತುಂಬುವ ಅಭ್ಯಾಸ ಬಿಡುವುದು ಲೇಸು.

ಮಹಿಳೆಯರ ವಿಷಯದಲ್ಲಿ ಕಡತದ ಈ ವಿಧಾನವೇ ಅಡ್ಡಿಯಾಗುವುದುಂಟು. ಬೀಜ ಆರಿಸುವುದು, ಬೂದಿ, ಬೇವು, ಲಕ್ಕಿ ಸೊಪ್ಪು ಹಾಕಿ ಕಟ್ಟಿಡುವುದು, ಸಸಿಮಡಿ, ಕಳೆ, ಹೈನು ಎಲ್ಲವನ್ನೂ ನಿಭಾಯಿಸುವವರು ಅವರು. ಪಹಣಿಯಲ್ಲಿ ಹೆಸರು ಗಂಡನದೋ ಮಾವನದೋ ಇರುತ್ತದೆ, ಬಿಲ್ಲು ಮಗನ ಹೆಸರಿನಲ್ಲಿರುತ್ತದೆ. ಕಾಗದವನ್ನೇ ನಂಬಿದರೆ ಮನೆಯಲ್ಲಿ ಅತ್ಯಂತ ಹೆಚ್ಚು ಬಲ್ಲವರೇ ಏನೂ ಬಾರದವರಾಗುತ್ತಾರೆ. ಇಂತಹ ಸಂದರ್ಭದಲ್ಲಿ ಪಹಣಿಗೆ ಪಟ್ಟು ಹಿಡಿಯದೆ, ಸ್ವಸಹಾಯ ಸಂಘದ ನಡಾವಳಿ, ನೆರೆಯ ಇಬ್ಬರು ರೈತರ ಹೇಳಿಕೆ ಹಾಗೂ ಸ್ಥಳದಲ್ಲೇ ಮಾಡಿ ತೋರಿಸುವ ಪರೀಕ್ಷೆಯನ್ನು ಆಧರಿಸಬೇಕು. ಮಾಡಿ ತೋರಿಸುವುದಕ್ಕಿಂತ ದೊಡ್ಡ ದಾಖಲೆ ಯಾವುದಿದೆ?

ವಿಸ್ತರಣಾ ಕಾರ್ಯಕರ್ತರು ಹಾಗೂ ಮೌಲ್ಯಮಾಪಕರಿಗೆ

ಮೌಲ್ಯಮಾಪನ ಹೊಲದಲ್ಲಿ, ಆಯಾ ಹಂಗಾಮಿನಲ್ಲಿ ನಡೆಯಬೇಕು. ಫೆಬ್ರುವರಿಯಲ್ಲಿ ಸಮುದಾಯ ಭವನದಲ್ಲಿ ಕೂರಿಸಿ ಮುಂಗಾರು ಬಿತ್ತನೆಯ ಕೌಶಲ್ಯ ಅಳೆಯುವುದು ಸಾಧ್ಯವಿಲ್ಲ. ಒಂದೇ ದಿನದಲ್ಲಿ ಮುಗಿಸುವ ಬದಲು ಬಿತ್ತನೆ, ಬೆಳವಣಿಗೆ, ಕೊಯ್ಲು ಹೀಗೆ ಎರಡು ಮೂರು ಭೇಟಿಗಳಲ್ಲಿ ನಡೆಸಿದರೆ ವೆಚ್ಚ ಹೆಚ್ಚಾಗುತ್ತದೆ ನಿಜ, ಆದರೆ ಫಲಿತಾಂಶ ನಂಬಲರ್ಹವಾಗುತ್ತದೆ. ತರಬೇತಿ ಕೊಟ್ಟವರೇ ಪರೀಕ್ಷಕರಾಗಬಾರದು.

ಪ್ರಶ್ನೆಯ ಭಾಷೆಗೆ ವಿಶೇಷ ಗಮನ ಕೊಡಬೇಕು. ಒಂದು ಪರೀಕ್ಷೆಯಲ್ಲಿ “ಅಂತರ ಬೇಸಾಯದ ಉದ್ದೇಶಗಳನ್ನು ತಿಳಿಸಿ” ಎಂಬ ಪ್ರಶ್ನೆಗೆ ಹೆಚ್ಚಿನವರು ಉತ್ತರಿಸಲಿಲ್ಲ. “ಎಡೆ ಯಾಕೆ ಹೊಡೀತೀರಿ?” ಎಂದು ಬಾಯಲ್ಲಿ ಕೇಳಿದಾಗ ಕಳೆ ನಾಶ, ಬಿರುಕು ಮುಚ್ಚಿ ತೇವ ಉಳಿಸುವುದು, ಬೇರಿಗೆ ಗಾಳಿ, ಎಲ್ಲವೂ ಸಾಲಾಗಿ ಬಂದವು. ಅನುತ್ತೀರ್ಣವಾಗಿದ್ದುದು ನಮ್ಮ ಪ್ರಶ್ನೆಪತ್ರಿಕೆ. ಪ್ರದೇಶಕ್ಕೆ ತಕ್ಕಂತೆ ಪದಗಳು ಬೇರೆಯಾಗುವುದರಿಂದ ಸ್ಥಳೀಯ ಕೃಷಿ ಅಧಿಕಾರಿಯೊಬ್ಬರು ಪ್ರಶ್ನೆಗಳನ್ನು ಮೊದಲೇ ಓದಿ ತಿದ್ದುವುದು ಅಗತ್ಯ. ಓದು ಬರಹ ಕಡಿಮೆಯಿರುವವರಿಗೆ ಮೌಖಿಕ ಪರೀಕ್ಷೆ ನಡೆಸಿ ಧ್ವನಿಮುದ್ರಿಸಿಕೊಳ್ಳಬಹುದು. ಆದರೆ ಲೇಬಲ್ ಓದುವುದು, ಅಳತೆ ಮಾಡುವುದು, ಲೆಕ್ಕ ಬರೆಯುವುದು ಆ ಉದ್ಯೋಗದ ಭಾಗವೇ ಆಗಿದ್ದಲ್ಲಿ ಅದನ್ನು ಬಿಡುವಂತಿಲ್ಲ.

ಅಭ್ಯರ್ಥಿ ತೇರ್ಗಡೆಯಾಗದಿದ್ದರೆ ಯಾವ ಭಾಗದಲ್ಲಿ ಕೊರತೆ, ಅದನ್ನು ಎಲ್ಲಿ ಕಲಿಯಬಹುದು ಎಂಬುದನ್ನು ಬರೆದುಕೊಡಬೇಕು. ಬರಿಯ ‘ಅನುತ್ತೀರ್ಣ’ ಎಂಬ ಮಾತು ಐವತ್ತು ದಾಟಿದ ರೈತರೊಬ್ಬರನ್ನು ಮತ್ತೆಂದೂ ಪರೀಕ್ಷೆಯ ಕಡೆ ತಿರುಗಿ ನೋಡದಂತೆ ಮಾಡುತ್ತದೆ.

ಈಗ ತೆರೆದಿರುವ ದಾರಿಗಳು

ಮೊದಲನೆಯದು ಉದ್ಯೋಗಾಧಾರಿತ ಕೌಶಲ್ಯ ಪ್ರಮಾಣಪತ್ರ. ನಿಮ್ಮ ಕೆಲಸಕ್ಕೆ ಹೊಂದುವ ಮಾನದಂಡ ಯಾವುದೆಂದು ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬೇಕು. ನರ್ಸರಿ, ಅಣಬೆ, ಜೇನು, ಟ್ರ್ಯಾಕ್ಟರ್, ಹನಿ ನೀರಾವರಿಯಂತಹ ಸ್ಪಷ್ಟ ಗಡಿಯುಳ್ಳ ಕೆಲಸಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಐದಾರು ಬೆಳೆ, ದನಕರು, ತೋಟ ಎಲ್ಲವನ್ನೂ ನಡೆಸುವ ಸಾಮಾನ್ಯ ಒಣಬೇಸಾಯಗಾರರ ಜ್ಞಾನವನ್ನು ಇಂತಹ ಒಂದು ಚೌಕದಲ್ಲಿ ಹಿಡಿಸುವುದು ಕಷ್ಟ. ಅವರು ತಮಗೆ ಆದಾಯ ತರಬಲ್ಲ ಒಂದು ಕೆಲಸವನ್ನು ಆರಿಸಿಕೊಳ್ಳುವುದು ಸೂಕ್ತ.

ಎರಡನೆಯದು ಪರಿಕರ ಮಾರಾಟಗಾರರಿಗೆ ಮೇಲೆ ಹೇಳಿದ ದೇಸಿ ಡಿಪ್ಲೊಮಾ. ಇದಕ್ಕೆ ಹತ್ತನೆಯ ತರಗತಿ ತೇರ್ಗಡೆಯಾಗಿರಬೇಕು. ಜಿಲ್ಲೆಯ ಆತ್ಮ ಯೋಜನೆಯ ಕಚೇರಿಯಲ್ಲಿ ಮಾಹಿತಿ ದೊರೆಯುತ್ತದೆ.

ಮೂರನೆಯದು ಕೃಷಿ ವಿಶ್ವವಿದ್ಯಾಲಯಗಳ ಎರಡು ವರ್ಷಗಳ ಕನ್ನಡ ಮಾಧ್ಯಮದ ಕೃಷಿ ಡಿಪ್ಲೊಮಾ. ಎಸ್ಸೆಸ್ಸೆಲ್ಸಿ ಮುಗಿಸಿದ ರೈತ ಯುವಕ ಯುವತಿಯರಿಗೆ ಇದು ಹತ್ತಿರದ ಮೆಟ್ಟಿಲು. ಪೂರ್ವಕಲಿಕೆಯ ಮಾನ್ಯತೆಗೆ ನಮ್ಮಲ್ಲಿ ಅತ್ಯಂತ ಸೂಕ್ತವಾದ ಜಾಗವೂ ಇದೇ ಎಂಬುದು ನನ್ನ ನಂಬಿಕೆ. ಪಾಠ ಕನ್ನಡದಲ್ಲಿದೆ, ವಿಷಯ ಪ್ರಾಯೋಗಿಕ. ಬೆಳೆ ನಿರ್ವಹಣೆ, ನರ್ಸರಿ, ಯಂತ್ರೋಪಕರಣಗಳ ಪ್ರಾಯೋಗಿಕ ಭಾಗವನ್ನು ಪರೀಕ್ಷಿಸಿ ವಿನಾಯಿತಿ ಕೊಟ್ಟು, ಮಣ್ಣು ರಸಾಯನ, ಪೀಡೆ ನಿರ್ವಹಣೆ, ಲೆಕ್ಕಪತ್ರಗಳನ್ನು ಕಡ್ಡಾಯವಾಗಿ ಓದಿಸಿದರೆ, ದುಡಿಯುತ್ತಿರುವ ಮೂವತ್ತರ ವಯಸ್ಸಿನವರೂ ಸೇರಬಲ್ಲರು.

ಹತ್ತನೆಯ ತರಗತಿಯೇ ಅನೇಕರಿಗೆ ಗೋಡೆ. ಡ್ರೋನ್ ಚಾಲನೆಯ ಪ್ರಮಾಣಪತ್ರಕ್ಕೂ 2021ರ ಡ್ರೋನ್ ನಿಯಮಗಳ ಪ್ರಕಾರ ಹತ್ತನೆಯ ತರಗತಿ ಬೇಕು. ಏಳನೆಯದಕ್ಕೋ ಎಂಟನೆಯದಕ್ಕೋ ಓದು ಬಿಟ್ಟವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಪರೀಕ್ಷೆ ಕಟ್ಟಬಹುದು. ವಯಸ್ಸಿನ ಮೇಲ್ಮಿತಿ ಅಲ್ಲಿಲ್ಲ. ಕ್ರೆಡಿಟ್, ಡಿಪ್ಲೊಮಾಗಳ ಯೋಚನೆಗೆ ಮುನ್ನ ಈ ಒಂದು ಕೆಲಸವನ್ನು ಮುಗಿಸಿಕೊಳ್ಳುವಂತೆ ಯುವ ರೈತರಿಗೆ ನನ್ನ ಸಲಹೆ.

ಹಣ ಕಟ್ಟುವ ಮೊದಲು

ಪೂರ್ವಕಲಿಕೆಗೆ ‘ನೇರ ಡಿಪ್ಲೊಮಾ’, ‘ಮನೆಯಲ್ಲೇ ಪದವಿ’ ಎಂದು ಜಾಹೀರಾತು ಕೊಡುವ ಖಾಸಗಿ ಏಜೆಂಟರಿದ್ದಾರೆ. ಪರೀಕ್ಷೆಯಿಲ್ಲದೆ ಯಾವ ಮಾನ್ಯತೆಯೂ ಸಿಗುವುದಿಲ್ಲ ಎಂಬುದನ್ನು ನೆನಪಿಡಬೇಕು. ಪ್ರಮಾಣಪತ್ರ ಕೊಡುವವರು ಯಾರು, ಅದರ ಹಂತ ಎಷ್ಟು, ಕ್ರೆಡಿಟ್ ಎಷ್ಟು, ಅದು ಶೈಕ್ಷಣಿಕ ಕ್ರೆಡಿಟ್ ಬ್ಯಾಂಕಿನ ನಿಮ್ಮ ಖಾತೆಗೆ ಜಮೆಯಾಗುತ್ತದೆಯೇ 등을 ಎಂಬುದನ್ನೆಲ್ಲ ಮೊದಲೇ ವಿಚಾರಿಸಿಕೊಳ್ಳಿ. ಖಾತೆಯನ್ನು ಡಿಜಿಲಾಕರ್ ಮೂಲಕ ತೆರೆಯಬಹುದು, ಆಧಾರ್‌ನಲ್ಲಿರುವ ಹೆಸರೂ ಅಂಕಪಟ್ಟಿಯ ಹೆಸರೂ ಒಂದೇ ಆಗಿರುವಂತೆ ಮೊದಲು ಸರಿಪಡಿಸಿಕೊಳ್ಳಿ.

ಮುಂದೆ ಸೇರಬಯಸುವ ಕಾಲೇಜು ಆ ಕ್ರೆಡಿಟ್ಟನ್ನು ಸ್ವೀಕರಿಸುತ್ತದೆಯೇ ಎಂಬುದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಕ್ರೆಡಿಟ್ ಖಾತೆಯಲ್ಲಿರುವುದು ಬೇರೆ, ಕಾಲೇಜು ಅದನ್ನು ಒಪ್ಪುವುದು ಬೇರೆ. ಒಪ್ಪುವ ಅಧಿಕಾರ ಆಯಾ ವಿಶ್ವವಿದ್ಯಾಲಯದ ವಿದ್ಯಾವಿಷಯಕ ಪರಿಷತ್ತಿನದು. ಆದ್ದರಿಂದ ಯಾವ ವಿಷಯಕ್ಕೆ, ಎಷ್ಟು ಕ್ರೆಡಿಟ್ ವಿನಾಯಿತಿ ಎಂಬುದನ್ನು ಕುಲಸಚಿವರ ಕಚೇರಿಯಿಂದ ಬರಹದಲ್ಲಿ ಪಡೆದ ನಂತರವೇ ಶುಲ್ಕ ಕಟ್ಟಬೇಕು.